ಯಾರೂ ಹಾಕಿಸದ ಫ್ಲೆಕ್ಸ್

“ಇದು ನಾನೇ!” ಅಂದ ಬೈರಣ್ಣ.

“ಹೌದು, ನೀನೇ.”

“ನಗಾಡ್ತಾ ಬೇರೆ ಇದೀನಿ.”

“ಚೆಂದ ಬಂದಿದೀಯ ಮಾರಾಯ. ಈಗ ಹೇಳು, ಶಿರಸಿ ಗುರುಶಾಂತವ್ವಂಗೆ ನೀನು ಯಾವಾಗ ಶುಭ ಕೋರ್ದೆ?”

“ಯಾರದು ಗುರುಶಾಂತವ್ವ?”

ಸಿದ್ದಾಪುರ ಬಸ್‌ಸ್ಟ್ಯಾಂಡ್ ಎದುರು ಬೈರಣ್ಣನ ಟೆಂಪೋ. ಅದರ ಬಾನೆಟ್ ಮೇಲೆ ನನ್ನ ಮೊಬೈಲು. ಮೊಬೈಲಲ್ಲಿ ಒಂದು ಫ್ಲೆಕ್ಸಿನ ಫೋಟೋ. ಮೇಲೆ ಗುರುಶಾಂತವ್ವಕ್ಕ ಕೈ ಮುಗಿದು ನಿಂತಿದಾರೆ, ಪಕ್ಕದಲ್ಲಿ ಅವರ ಸಿಲಿಂಡರ್ ಚಿಹ್ನೆ, ಕೆಳಗೆ ‘ಶುಭ ಕೋರುವವರು’ ಅಂತ ಸಾಲಾಗಿ ಒಂಬತ್ತು ದುಂಡು ದುಂಡು ಮುಖ. ಎಡಗಡೆಯಿಂದ ಮೂರನೇದು ನಮ್ಮೂರ ಟೆಂಪೋ ಬೈರಣ್ಣ.

ಹೊಸಬರಿಗೆ ಒಂದೇ ಮಾತಲ್ಲಿ ಹೇಳ್ತೀನಿ. ಶಿರಸಿ ನಗರಸಭೆ ಎಲೆಕ್ಷನ್‌ಗೆ ಪಕ್ಷೇತರ ನಿಂತಿರೋ ಖಾನಾವಳಿ ಗುರುಶಾಂತವ್ವಕ್ಕನ ಪರ ರಾತ್ರೋರಾತ್ರಿ ವಾರ್ಡ್ ತುಂಬ ಫ್ಲೆಕ್ಸ್ ಎದ್ದಿದಾವೆ, ಹಾಕಿದವರು ಯಾರು ಅಂತ ಅಕ್ಕಂಗೇ ಗೊತ್ತಿಲ್ಲ, ಹುಡುಕೋಕೆ ಹೊರಟಿರೋದು ನಾನು, ಸಿದ್ದಾಪುರದಿಂದ ಬಂದು ಅಕ್ಕನ ಖಾನಾವಳೀಲಿ ಉಂಡು ಓದ್ತಿರೋ ಭೂಮಿಕಾ.

ಎಂತ, ಹೊಗಳಿ ಫ್ಲೆಕ್ಸ್ ಹಾಕಿದ್ರೆ ಖುಷಿ ಪಡೋದು ಬಿಟ್ಟು ಹುಡುಕೋದೆಂತಕ್ಕೆ ಅಂತೀರಾ? ನಾನೂ ಹಂಗೇ ಅಂದ್ಕೊಂಡಿದ್ದೆ. ನಿನ್ನೆ ನಗರಸಭೆ ಆಫೀಸಲ್ಲಿ ಚುನಾವಣಾಧಿಕಾರಿ ಮೇಡಂ ಬಿಡಿಸಿ ಹೇಳಿದ್ರು.

“ನೋಡಮ್ಮಾ, ಅಭ್ಯರ್ಥಿ ತಾವೇ ಹಾಕಿದ್ರೆ ಅದು ಅವರ ಪ್ರಚಾರ. ಅವರ ಪರ ಬೇರೆಯವ್ರು ಹಾಕಿದ್ರೆ, ಅಭ್ಯರ್ಥಿ ಬರೆದುಕೊಟ್ಟ ಒಪ್ಪಿಗೆ ಬೇಕು. ಯಾರೇ ಹಾಕ್ಲಿ, ಪ್ರಿಂಟ್ ಮಾಡ್ದವರ ಹೆಸರು, ಮಾಡ್ಸಿದವರ ಹೆಸರು ಕೆಳಗೆ ಇರ್ಬೇಕು. ಇದರಲ್ಲಿ ಒಂದೂ ಇಲ್ಲ. ಒಪ್ಪಿಗೆ ಇಲ್ದೆ ಹಾಕಿದವ್ರು ಸಿಕ್ರೆ ಕೇಸು ಅವರ ಮೇಲೆ. ಸಿಗ್ದಿದ್ರೆ, ಫ್ಲೆಕ್ಸಲ್ಲಿ ಯಾರ ಮುಖ ಇದ್ಯೋ ಅವರನ್ನೇ ಕೇಳ್ಬೇಕಾಗುತ್ತೆ.”

ನಾಡಿದ್ದು ವೋಟು. ನಾಳೆ ಕೇಸು ಬಿದ್ರೆ ಅಕ್ಕನ ಕತೆ ಮುಗೀತು. ಗಟಾರಕ್ಕೆ ಕಲ್ಲು ಹಾಸ್ಸೋಕೆ ವರ್ಷಗಟ್ಲೆ ಆಫೀಸ್ ಅಲೆದು, ಕೊನೆಗೆ ‘ನಾನೇ ಒಳಗೆ ಬರ್ತೀನಿ ತಗೊಳ್ಳಿ’ ಅಂತ ನಾಮಿನೇಷನ್ ಹಾಕಿದ ಹೆಂಗಸು ಅವರು. ಅವರಿಗಿರೋದು ಒಳ್ಳೇ ಹೆಸರು ಒಂದೇ.

ನಾನು ಮೇಡಂಗೆ ಹೇಳ್ದೆ, “ನಾಳೆ ಸಂಜೆ ಒಳಗೆ ಹಾಕಿದವ್ರನ್ನ ನಿಮ್ಮ ಟೇಬಲ್ ಮುಂದೆ ತಂದು ನಿಲ್ಲಿಸ್ತೀನಿ.”

ಮೇಡಂ ನಕ್ಕರು. ನಗ್ಲಿ. ಆ ನಾಳೆ ಅಂದ್ರೆ ಇವತ್ತು, ಇನ್ನೂ ಮಧ್ಯಾಹ್ನ, ನಂಗೆ ಆಗ್ಲೇ ಒಂದು ಮುಖ ಸಿಕ್ಕಿದೆ.

ಬೆಳಿಗ್ಗೆ ಮಾತ್ರ ಸ್ವಲ್ಪ ದಾರಿ ತಪ್ಪಿದ್ದೆ. ಅಕ್ಕನ ಎಲೆಕ್ಷನ್ ಏಜೆಂಟ್ ಸದಾಶಿವಣ್ಣ ಫ್ಲೆಕ್ಸ್ ಮುಟ್ಟಿ ನೋಡಿ, “ಇದು ಯಲ್ಲಾಪುರದ ಪ್ರಿಂಟು, ಬಣ್ಣ ನೋಡಿದ್ರ ಗೊತ್ತಾಗ್ತದ, ಅಲ್ಲಿ ಹೋಗು” ಅಂದಿದ್ರು. ಸ್ಕೂಟಿ ಹೊಡ್ಕೊಂಡು ಯಲ್ಲಾಪುರಕ್ಕೆ ಹೋದ್ರೆ ಪ್ರೆಸ್ಸಿನ ಗೌರಕ್ಕ ಸೊಂಟದ ಮೇಲೆ ಕೈ ಇಟ್ಕೊಂಡು ನಕ್ಕಿದ್ದೇ ನಕ್ಕಿದ್ದು. “ಫ್ಲೆಕ್ಸ್ ಮಿಷನ್ ಮಾರಿ ಎಷ್ಟು ಕಾಲ ಆಯ್ತು ಮಾರಾಯ್ತಿ! ಮದುವೆ ಕಾಗದ ಬೇಕಾ ಹೇಳು, ಮಾಡಿಕೊಡ್ತೀನಿ. ಹುಡುಗ ಯಾರು?”

ಹುಡುಗ ಇಲ್ಲ ಅಂತ ಹೇಳಿ ಹೊರಗೆ ಬಂದು, ಮಸಾಲೆ ಮಂಡಕ್ಕಿ ತಿನ್ನುತ್ತಾ ಫೋಟೋ ದೊಡ್ಡದು ಮಾಡಿ ಕೆಳಗಿನ ಮುಖ ಒಂದೊಂದೇ ನೋಡ್ದೆ. ವಾರ್ಡಲ್ಲಿ ಯಾರೂ ಗುರುತು ಹಿಡೀದೇ ಇದ್ದ ಮುಖಗಳು. ಹೆಂಗೆ ಹಿಡೀತಾರೆ? ಅವರು ಶಿರಸಿಯವ್ರೇ ಅಲ್ಲ. ಮೂರನೇ ಮುಖ ನೋಡ್ದವಳೇ ಮಂಡಕ್ಕಿ ಪೊಟ್ಟಣ ಬಿಟ್ಟು ಸ್ಕೂಟಿ ತಿರುಗಿಸ್ದೆ. ಶಿರಸಿಯಲ್ಲಿ ನಿಲ್ಲಿಸ್ಲೂ ಇಲ್ಲ, ಸೀದಾ ಸಿದ್ದಾಪುರ. ಯಾರಿಗೂ ಹೇಳ್ಲೂ ಇಲ್ಲ.

“ಬೈರಣ್ಣ, ಈ ಫೋಟೋ ನೀನು ಯಾರಿಗಾದ್ರೂ ಕೊಟ್ಟಿದ್ಯಾ? ಸರಿಯಾಗಿ ನೆನಪು ಮಾಡ್ಕೋ.”

ಬೈರಣ್ಣ ಫೋಟೋ ಎಳೆದು ಎಳೆದು ದೊಡ್ಡದು ಮಾಡ್ದ. “ಇಲ್ಲಿ ನೋಡು. ನನ್ನ ಭುಜದ ಹತ್ರ. ಇದೆಂತ?”

“ಕಿವಿ.”

“ಯಾರ ಕಿವಿ?”

“ನಂಗೆ ಕಿವಿ ಗುರುತು ಸಿಗಲ್ಲಪ್ಪ.”

“ಮಾದೇವಂದು! ಕಿವಿಗೆ ಒಂಟಿ ಹಾಕ್ಕೊಳ್ಳೋನು ನಮ್ಮ ಟೀಮಲ್ಲಿ ಅವನೊಬ್ನೇ. ವಾಲಿಬಾಲ್ ಟೂರ್ನಮೆಂಟ್ ಗೆದ್ದಾಗ ತೆಗ್ಸಿದ ಫೋಟೋ ಇದು. ಆವಾಗ ನಮ್ಮ ಫ್ಲೆಕ್ಸ್ ಮಾಡ್ದವ ಚಿರಂತನ. ಅವನ ಹತ್ರ ಬಿಟ್ರೆ ಈ ಫೋಟೋ ಎಲ್ಲೂ ಇಲ್ಲ.”

“ಚಿರಂತನ ಅಂದ್ರೆ?”

“ಹೆಗಡೇರ ಮಾಣಿ. ಅಲ್ಲಿ, ಬೇಕರಿ ಮೇಲ್ಗಡೆ.”

ನಾನು ಮೆಟ್ಲು ಎರಡೆರಡು ಹಾರಿದೆ.

ಚಿರಂತನಣ್ಣ ಕಂಪ್ಯೂಟರ್ ಮುಂದೆ ಕೂತು ಯಾರದೋ ನಾಮಕರಣದ ಮಗುಗೆ ಕಿರೀಟ ಕೂರಿಸ್ತಾ ಇದ್ರು. ಕಿವಿ ಮತ್ತೆ ಭುಜದ ಮಧ್ಯ ಫೋನು. “ಆಯಿ, ಊಟಕ್ಕೆ ಕಾಯಡ. ಆನು ಆಮೇಲೆ ಬತ್ತೆ” ಅಂತ ಅಮ್ಮಂಗೆ ಹವ್ಯಕರ ಮನೆ ಭಾಷೇಲಿ ಹೇಳಿ ಫೋನ್ ಇಟ್ಟು, ನನ್ನ ನೋಡಿ ಭಾಷೆ ಬದಲಾಯ್ಸಿದ್ರು. “ಬನ್ನಿ, ಎಂತ ಆಗ್ಬೇಕು? ಬರ್ತ್‌ಡೇನಾ?”

“ಫ್ಲೆಕ್ಸ್.”

“ಸೈಜು?”

“ಇದೇ ಸೈಜು.” ಮೊಬೈಲ್ ಅವರ ಮೂಗಿನ ಹತ್ರ ಹಿಡಿದೆ.

ಅವರು ನೋಡಿದ್ರು. ಮಗುವಿನ ಕಿರೀಟ ಕೈ ತಪ್ಪಿ ಮೂಗಿನ ಮೇಲೆ ಹೋಗಿ ಕೂತಿತು.

“ಇದು ನಮ್ಮದಲ್ಲ” ಅಂದ್ರು.

“ಯಾರದ್ದು ಅಂತ ನಾನು ಕೇಳ್ಲೇ ಇಲ್ವಲ್ಲ ಅಣ್ಣ.”

“ಅಲ್ಲ, ಅಂದ್ರೆ... ನಮ್ಮ ಅಂಗಡಿ ಹೆಸ್ರು ಇಲ್ಲ ನೋಡಿ ಅದ್ರಲ್ಲಿ.”

“ಅದೇ ತೊಂದ್ರೆ. ಇರ್ಬೇಕಿತ್ತು.” ನಾನು ಸ್ಟೂಲ್ ಎಳ್ಕೊಂಡು ಕೂತೆ. ಅವರ ಹಿಂದಿನ ಗೋಡೆಗೆ ಹಳೇ ಸ್ಯಾಂಪಲ್ಲುಗಳು ಅಂಟಿಸಿದ್ರು. ಎರಡನೇದೇ ವಾಲಿಬಾಲ್ ಟೂರ್ನಮೆಂಟ್‌ದು. “ಅಲ್ಲಿ ಬೈರಣ್ಣ ಇದಾನೆ, ಇಲ್ಲೂ ಇದಾನೆ. ಅಲ್ಲಿ ಪಕ್ಕದಲ್ಲಿ ಪೂರ್ತಿ ಮಾದೇವ. ಇಲ್ಲಿ ಮಾದೇವಂದು ಕಿವಿ ಮಾತ್ರ ಉಳ್ದಿದೆ. ಸರಿಯಾಗಿ ಕಟ್ ಮಾಡೋಕೂ ಪುರಸೊತ್ತಿರ್ಲಿಲ್ವಾ?”

ಚಿರಂತನಣ್ಣ ಗೋಡೆ ನೋಡಿದ್ರು, ಮೊಬೈಲ್ ನೋಡಿದ್ರು, ಬಾಗ್ಲು ನೋಡಿದ್ರು. ಬಾಗ್ಲ ಕಡೆ ನಾನೇ ಕೂತಿದ್ದೆ.

“ತಂಗೀ, ನೀನು ಪೊಲೀಸಾ?”

“ಅಲ್ಲ. ಬಿ.ಎ. ಫೈನಲ್ ಇಯರ್. ಪೊಲೀಸ್ರು ಆಮೇಲೆ ಬರ್ತಾರೆ, ನೀವು ಈಗ ಹೇಳ್ದಿದ್ರೆ.”

“ಎಂತ ಹೇಳೋದು?”

“ಮೊದ್ಲು ಇದು ಹೇಳಿ. ಕದ್ದು ಮಾಡೋ ಫ್ಲೆಕ್ಸ್‌ಗೆ ಒಂಬತ್ತು ಜನರ ಮುಖ ಯಾಕೆ ಹಾಕಿದ್ರಿ? ಸುಮ್ನೆ ಬಿಟ್ಟಿದ್ರೆ ನಾನು ಇಲ್ಲಿ ಬರ್ತಾನೇ ಇರ್ಲಿಲ್ಲ.”

ಅವರಿಗೆ ನಿಜವಾಗ್ಲೂ ಬೇಜಾರಾಯ್ತು. ಅಡುಗೆಗೆ ಉಪ್ಪು ಯಾಕೆ ಹಾಕಿದ್ರಿ ಅಂತ ಕೇಳ್ದಂಗೆ ನನ್ನ ಮುಖ ನೋಡಿದ್ರು.

“ಕೆಳಗಡೆ ಖಾಲಿ ಬಿಟ್ರೆ ಹೆಂಗೆ ಕಾಣ್ತದೆ? ಬೋಳು! ಜನ ಎಂತ ಹೇಳ್ತಾರೆ, ಇವಳಿಗೆ ಶುಭ ಕೋರೋಕೆ ಊರಲ್ಲಿ ಒಬ್ರೂ ಇಲ್ವಾ ಅಂತಾರೆ. ಹುಟ್ಟಿದ ಹಬ್ಬ ಆಗ್ಲಿ, ಶ್ರದ್ಧಾಂಜಲಿ ಆಗ್ಲಿ, ಕೆಳಗೆ ಮುಖ ಇಲ್ದ ಫ್ಲೆಕ್ಸ್ ನಾನು ಇವತ್ತಿನವರೆಗೆ ಮಾಡಿಲ್ಲ. ಅವರು ಯಾರ ಫೋಟೋನೂ ಬೇಡ ಅಂದ್ರು. ನಂಗೇ ಮನಸ್ಸಾಗ್ಲಿಲ್ಲ. ಶಿರಸಿಯಲ್ಲಿ ಯಾರಿಗೆ ಗೊತ್ತಾಗ್ತದೆ ಅಂತ ಇಲ್ಲಿಯವ್ರನ್ನ ಕೂರ್ಸಿದೆ.”

“ಅವರು ಅಂದ್ರೆ ಯಾರು?”

ಅವರು ಮೌಸ್ ಹಿಡಿದು ಮಗುವಿನ ಕಿರೀಟ ಸರಿ ಮಾಡೋಕೆ ಹೋದ್ರು.

“ಸುಭಾಷ್ ಅಲ್ವಾ?” ಅಂದೆ.

ನನ್ನ ತಲೇಲಿ ಮೊದಲಿನಿಂದ ಇದ್ದಿದ್ದು ಅದೊಂದೇ ಹೆಸರು. ಸುಭಾಷ್ ಅಂದ್ರೆ ವಾರ್ಡಿನ ಹಳೇ ಮೆಂಬರ್, ಅಕ್ಕನ ಎದುರಾಳಿ. ಮೊನ್ನೆ ಕೇಳಿದಾಗ ಹೊಟ್ಟೆ ಹಿಡ್ಕೊಂಡು ನಕ್ಕಿದ್ದ. ‘ನನ್ನ ಎದುರು ನಿಂತವಳಿಗೆ ನಾನೇ ಫ್ಲೆಕ್ಸ್ ಹಾಕ್ತೀನಾ? ನಂಗೆ ಹುಚ್ಚಾ?’ ಹುಚ್ಚಲ್ಲ, ಬುದ್ಧಿ. ಹೊಗಳಿ ಹೊಗಳಿ ಕೇಸಲ್ಲಿ ಸಿಕ್ಕಿಸೋದು. ನಂಗೆ ನೂರಕ್ಕೆ ನೂರು ಗ್ಯಾರಂಟಿ ಇತ್ತು.

“ಯಾವ ಸುಭಾಷ್?” ಅಂದ್ರು ಚಿರಂತನಣ್ಣ. “ಬಂದಿದ್ದು ಒಂದು ಅಜ್ಜಿ.”

“ಅಜ್ಜಿ?”

“ಇಳಕಲ್ ಸೀರೆ. ಹಣೆ ತುಂಬ ವಿಭೂತಿ. ಫ್ರೀ ಬಸ್ಸಲ್ಲಿ ಬಂದೆ ಅಂತ ಆಧಾರ್ ಕಾರ್ಡ್ ನಂಗೂ ತೋರ್ಸಿದ್ರು. ಶಿರಸಿಯಲ್ಲೇ ಮಾಡ್ಸಬಹುದಿತ್ತಲ್ಲ ಅಂದ್ರೆ, ಅಲ್ಲಿ ಎಲ್ಲಾರೂ ನನ್ನ ಬಲ್ಲರು, ಸೊಸಿಗೆ ಸುದ್ದಿ ಮುಟ್ಟತದ ಅಂದ್ರು. ಸೊಸಿ ಫೋಟೋ ದೊಡ್ಡದು ಮಾಡು, ನನ್ನ ಹೆಸರು ಬ್ಯಾಡ, ನಿನ್ನ ಅಂಗಡಿ ಹೆಸರೂ ಬ್ಯಾಡ, ಆಕಿ ಫೋನ್ ಹಚ್ಚಿ ಕೇಳ್ಯಾಳು ಅಂತ.”

ಸ್ಟೂಲ್ ನನ್ನ ಕೆಳಗಿಂದ ಜಾರಿದಂಗಾಯ್ತು.

ಪಾರ್ವತವ್ವ. ಅಕ್ಕನ ಅತ್ತೆ. ‘ಮನಿ ಬಿಟ್ಟು ಬೀದ್ಯಾಗ ವೋಟು ಬೇಡಾಕ ಹೊಂಟಾಳ, ನನ್ನ ವೋಟು ಆಕಿಗೆ ಇಲ್ಲ’ ಅಂತ ಓಣಿ ತುಂಬ ಸಾರಿಕೊಂಡು ಬಂದಿದ್ದ ಪಾರ್ವತವ್ವ! ನಾಮಿನೇಷನ್ ಹಾಕಿದ ದಿನದಿಂದ ಸೊಸೆ ಹತ್ರ ಮಾತೇ ಬಿಟ್ಟವರು.

“ಮೇಲೆ ಏನು ಬರೀಲಿ ಅಂದೆ” ಚಿರಂತನಣ್ಣ ಮೆತ್ತಗೆ ಹೇಳಿದ್ರು. “ಹೆಮ್ಮೆಯ ಸೊಸೆ ಅಂತ ಹಾಕ್ತೆ ಅಂದೆ. ಬ್ಯಾಡ, ಮನಿ ಮಗಳು ಅಂತ ಬರಿ ಅಂದ್ರು. ಅಳ್ತಾ ಇದ್ರು ತಂಗೀ. ನಾನು ಡಿಸೈನ್ ಚಾರ್ಜ್ ತಗೊಳ್ಳಲಿಲ್ಲ.”

ಅಯ್ಯೋ ದೇವರೇ. ಮೇಡಂ ಟೇಬಲ್ ಮುಂದೆ ನಾನು ತಂದು ನಿಲ್ಲಿಸ್ಬೇಕಾಗಿರೋದು ಪಾರ್ವತಜ್ಜಿನಾ? ಒಪ್ಪಿಗೆ ಇಲ್ದೆ ಹಾಕಿಸಿದವ್ರ ಮೇಲೆ ಕೇಸು. ಮುದುಕಿ ಆಧಾರ್ ಕಾರ್ಡ್ ಹಿಡ್ಕೊಂಡು ಸ್ಟೇಷನ್ ಬೆಂಚಲ್ಲಿ ಕೂತಿದ್ದು ಕಣ್ಮುಂದೆ ಬಂತು.

ಆದ್ರೆ ತಲೆ ಓಡ್ತಾ ಇತ್ತು. ನನ್ನ ತಲೆ ಹಂಗೇ, ಮನಸ್ಸು ಕೂತ್ರೂ ಅದು ಕೂರಲ್ಲ.

“ಅಣ್ಣ, ಅಜ್ಜಿ ಎಷ್ಟು ಫ್ಲೆಕ್ಸ್ ಮಾಡ್ಸಿದ್ರು?”

“ಒಂದು.”

“ಒಂದಾ? ವಾರ್ಡ್ ತುಂಬ ಹದಿನೈದು ಇದಾವೆ.”

“ದೇವರಾಣೆ ಒಂದೇ! ಆನು ಇನ್ನೊಂದು ಮಾಡಿದ್ನಿಲ್ಲೆ!” ಹೆದರಿಕೆಗೆ ಮನೆ ಭಾಷೆ ಬಂದ್ಬಿಡ್ತು. “ಖಾನಾವಳಿ ಎದುರು ಕಟ್ಟೋಕೆ ಒಂದು ಸಾಕು ಅಂದ್ರು. ಅದ್ನ ಮಡಚಿ ಸೀರೆ ಚೀಲದಲ್ಲಿ ಹಾಕ್ಕೊಂಡು ಹೋದ್ರು.”

ನಾನು ಮೊಬೈಲಲ್ಲಿ ಹದಿನೈದೂ ಫೋಟೋ ಒಂದೊಂದಾಗಿ ಸರಿಸ್ದೆ. ಅವರು ಬಗ್ಗಿ ನೋಡ್ತಾ ಇದ್ರು. ಖಾನಾವಳಿ ಎದುರಿಂದು ಬಂದಾಗ “ಇದು, ಇದು ನಂದು” ಅಂದ್ರು. “ಮೂಲೇಲಿ ಹಿತ್ತಾಳೆ ರಿಂಗ್ ಇದ್ಯಲ್ಲ, ನಾನು ರಿಂಗ್ ಹೊಡೀದೆ ಕೊಡಲ್ಲ. ಬಾಕಿಯವಕ್ಕೆ ರಿಂಗೇ ಇಲ್ಲ. ಮರದ ರೀಪಿಗೆ ಮೊಳೆ ಹೊಡೆದಿದಾರೆ. ಬಣ್ಣ ನೋಡು, ಆ ಅಕ್ಕನ ಮುಖ ಬದನೆಕಾಯಿ ಆಗಿದೆ. ಯಾರೋ ನನ್ನ ಡಿಸೈನ್ ತಗೊಂಡು ಬೇರೆ ಕಡೆ ಹೊಡ್ಸಿದಾರೆ.”

ಹೌದಲ್ಲ! ಮೂರು ದಿನದಿಂದ ಅದೇ ಫೋಟೋ ನೋಡ್ತಾ ಇದೀನಿ, ನಂಗೆ ಕಂಡಿರ್ಲೇ ಇಲ್ಲ.

ಅಂದ್ರೆ ಅಜ್ಜಿದು ಒಂದು, ಪ್ರೀತಿಗೆ. ಹದಿನಾಲ್ಕು ಬೇರೆಯವ್ರದ್ದು, ಕೆಡಿಸೋಕೆ.

“ಡಿಸೈನ್ ನೀವು ಯಾರಿಗೆ ಕೊಟ್ರಿ?”

“ಯಾರಿಗೂ ಕೊಟ್ಟಿಲ್ಲ. ಪ್ರಿಂಟಿಗೆ ಹಾಕೋ ಮೊದ್ಲು ಸರಿ ಇದ್ಯಾ ಅಂತ ಕಳ್ಸ್ತೀವಲ್ಲ, ಅದೊಂದೇ. ಅಜ್ಜಿ ಹತ್ರ ವಾಟ್ಸಾಪ್ ಇಲ್ಲ. ಕೀಪ್ಯಾಡ್ ಫೋನ್ ತೆಗೆದು, ಇವ ನಮ್ಮವ, ಇವಂಗ ಕಳಸು, ಅಕ್ಷರ ಓದಿ ಹೇಳ್ತಾನ ಅಂದ್ರು. ಆ ನಂಬರಿನವ್ರು ಪ್ರಿಂಟಿಗೆ ಹಾಕೋ ಫೈಲೇ ಬೇಕು ಅಂದ್ರು ಅಂತ ದೊಡ್ಡ ಫೈಲೇ ಕಳ್ಸಿದ್ದೆ.”

“ನಂಬರ್ ತೋರ್ಸಿ.”

ತೋರ್ಸಿದ್ರು. ನಾನು ನನ್ನ ಮೊಬೈಲಲ್ಲಿ ಅಂಕಿ ಒಂದೊಂದೇ ಒತ್ತಿದೆ. ಕೊನೇ ಅಂಕಿ ಒತ್ತೋ ಮೊದ್ಲೇ ಹೆಸರು ಬಂತು.

‘ಸದಾಶಿವಣ್ಣ ಏಜೆಂಟ್.’

ಯಲ್ಲಾಪುರಕ್ಕೆ ಹೋಗು ಅಂದವರು. ಬಣ್ಣ ನೋಡಿದ್ರ ಗೊತ್ತಾಗ್ತದ ಅಂದವರು. ಗೊತ್ತಾಗ್ದೇ ಏನು, ಹೊಡ್ಸಿದವ್ರೇ ಅವರು!

ನಂಗೆ ಕೋಪಕ್ಕಿಂತ ಖುಷಿ ಜಾಸ್ತಿ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಕೇಸ್ ಒಡ್ದೋಯ್ತು! ಚಿರಂತನಣ್ಣನ ಮೆಸೇಜೇ ಸಾಕ್ಷಿ, ಹಿತ್ತಾಳೆ ರಿಂಗೇ ಸಾಕ್ಷಿ. ಇವರನ್ನ ಸ್ಕೂಟಿ ಹಿಂದೆ ಕೂರಿಸ್ಕೊಂಡು ಹೋದ್ರೆ ಮುಗೀತು. ಅಜ್ಜಿದು ಒಂದೇ ಫ್ಲೆಕ್ಸ್, ಗೊತ್ತಿಲ್ದೆ ಮಾಡಿದ್ದು, ಮೇಡಂಗೆ ಬಿಡಿಸಿ ಹೇಳೋಣ. ಮೇಡಂ ಕಲ್ಲಲ್ಲ.

“ಏಳಿ ಅಣ್ಣ, ಹೋಗುವ.”

“ಊಟ...”

“ಅಕ್ಕನ ಖಾನಾವಳೀಲಿ ರೊಟ್ಟಿ ಎಣಗಾಯಿ. ಏಳಿ!”

ಅಷ್ಟೊತ್ತಿಗೆ ನನ್ನ ಫೋನು ಬಡ್ಕೊಂಡಿತು. ಗುರುಶಾಂತವ್ವಕ್ಕ.

“ಭೂಮೀ, ಎಲ್ಲಿ ಅದೀಯವಾ? ಇನ್ನ ಹುಡಕೋದು ಬ್ಯಾಡ, ವಾಪಸ್ ಬಂದುಬಿಡು.”

“ಅಕ್ಕಾ, ಯಾರು ಅಂತ ಗೊತ್ತಾಯ್ತು!”

“ನಂಗೂ ಗೊತ್ತಾತು.” ಅಕ್ಕನ ದನಿ ಯಾವತ್ತಿನ ಹಂಗಿರ್ಲಿಲ್ಲ, ಒದ್ದೆ ಆಗಿತ್ತು. “ನಮ್ಮ ಅತ್ತಿನ ಹಾಕ್ಸ್ಯಾಳ. ಸದಾಶಿವ ಈಗಷ್ಟ ಹೇಳ್ದ. ಅಷ್ಟೂ ಆಕಿನ ಅಂತ. ನಾ ತಾಟು ಇಟ್ರ ಉಣ್ಣದ ಎದ್ದು ಹೋಗಾಕಿ, ನನಗ ಮನಿ ಮಗಳು ಅಂತ ಬರ್ಸ್ಯಾಳ ನೋಡು.”

“ಅಷ್ಟೂ ಅಲ್ಲ ಅಕ್ಕ, ಒಂದೇ! ಕೇಳಿ ಇಲ್ಲಿ...”

“ಒಂದಾದ್ರೇನು, ಹದಿನೈದಾದ್ರೇನು? ಆಕಿನ್ನ ಸ್ಟೇಷನ್ ಮೆಟ್ಲ ಹತ್ತಸ್ಲೇನು ನಾನು? ನನ್ನ ಒಪ್ಪಿಗಿ ಇತ್ತು ಅಂತ ಬರೆದುಕೊಟ್ಟೆ. ಹೆಸರು ಹಾಕ್ಸಿಲ್ಲಂತ ದಂಡ ಬೀಳ್ತದಂತ, ಬೀಳ್ಲಿ. ಖರ್ಚು ನನ್ನ ಲೆಕ್ಕಕ್ಕ ಹಚ್ಚಲಿ.”

“ಕೊಟ್ಟೇಬಿಟ್ರಾ? ಸೈನ್ ಹಾಕಿ?”

“ಹೂಂ ಮತ್ತ. ಮೇಡಂ ಸಿಕ್ಕಾನೂ ಹೊಡದ್ರು. ಸದಾಶಿವ ಚಂದಗೆ ಬರಕೊಂಡು ಬಂದಿದ್ದ. ಇಲ್ಲಿತನಕದ್ದು, ಇನ್ನ ಮುಂದಿನದ್ದು, ನನ್ನ ಪರವಾಗಿ ಅವ ಹಾಕ್ಸೋ ಎಲ್ಲಾ ಜಾಹೀರಾತಿಗೂ ನನ್ನ ಒಪ್ಪಿಗಿ ಐತಿ ಅಂತ. ಇನ್ನ ಯಾರೂ ಕೇಳೂ ಹಂಗಿಲ್ಲ ಅಂದ.”

“ಮುಂದಿನದ್ದೂ? ಮುಂದಿನದ್ದು ಯಾಕೆ ಅಕ್ಕ?”

“ಏ, ಜನ ಬಂದ್ರು ನೋಡು, ಆಮ್ಯಾಲೆ ಮಾತಾಡೂಣು.” ಇಟ್ಟೇಬಿಟ್ರು.

ತಿರುಗಿ ಮಾಡ್ದೆ. ಎತ್ಲಿಲ್ಲ. ಇನ್ನೊಂದ್ಸಲ ಮಾಡ್ದೆ. ಎತ್ಲಿಲ್ಲ.

ಹಿಂದಿನಿಂದ ಚಿರಂತನಣ್ಣ ಕರೆದ್ರು. “ತಂಗೀ.”

ತಮ್ಮ ಮೊಬೈಲು ನನ್ನ ಮುಂದೆ ಹಿಡಿದ್ರು.

“ಅದೇ ನಂಬರಿಂದ ಈಗ ಆರ್ಡರ್ ಬಂತು. ಇಪ್ಪತ್ತು ಫ್ಲೆಕ್ಸ್. ಇವತ್ತೇ ಬೇಕಂತೆ. ಈ ಸಲ ಅಂಗಡಿ ಹೆಸರು, ಸದಾಶಿವನ ಹೆಸರು ಎರಡೂ ಕಾನೂನು ಪ್ರಕಾರ ಹಾಕು, ಒಪ್ಪಿಗೆ ಇದೆ ಅಂತ.”

ಒಪ್ಪಿಗೆಯ ಫೋಟೋನೂ ಕಳ್ಸಿದ್ರು. ಅಕ್ಕನ ಸಹಿ ಇತ್ತು, ಸೀಲಿನ ಶಾಯಿ ಹೊಳೀತಾ ಇತ್ತು. ಅದರ ಕೆಳಗೆ ಫ್ಲೆಕ್ಸಲ್ಲಿ ಬರೀಬೇಕಾದ ಮಾತು. ನಾನು ಓದಿದೆ. ಒಂದೊಂದೇ ಅಕ್ಷರ ಬಿಡಿಸಿ ಇನ್ನೊಂದ್ಸಲ ಓದಿದೆ.

‘ಅನಾರೋಗ್ಯದ ಕಾರಣ ನಾನು ಸ್ಪರ್ಧೆಯಿಂದ ಹಿಂದೆ ಸರಿದಿದ್ದೇನೆ. ನನ್ನ ಎಲ್ಲ ಮತಗಳನ್ನು ಸಹೋದರ ಸುಭಾಷ್ ಅವರಿಗೆ ನೀಡಿ. ಇಂತಿ ನಿಮ್ಮ ಮನೆ ಮಗಳು, ಗುರುಶಾಂತವ್ವ.’

ನಾಳೆ ಬೆಳಿಗ್ಗೆ ವಾರ್ಡ್ ಎದ್ದು ನೋಡ್ದಾಗ ಇಪ್ಪತ್ತು ಕಡೆ ಇದು. ನಾಡಿದ್ದು ವೋಟು. ಅಕ್ಕ ನಂದಲ್ಲ ನಂದಲ್ಲ ಅಂತ ಬೀದಿ ಬೀದಿ ಕೂಗಿದ್ರೂ, ಅವರೇ ಬರೆದುಕೊಟ್ಟ ಒಪ್ಪಿಗೆ ಆಫೀಸಲ್ಲಿ ಸೀಲ್ ಆಗಿ ಕೂತಿದೆ. ಅಕ್ಕನ ಏಜೆಂಟ್ ದುಡೀತಾ ಇರೋದು ಸುಭಾಷ್‌ಗೆ!

“ಎಂಗೆ ಬೇಡ ಇದು” ಅಂದ್ರು ಚಿರಂತನಣ್ಣ, ಮತ್ತೆ ಮನೆ ಭಾಷೇಲಿ. “ಆಗ್ತಿಲ್ಲೆ ಹೇಳಿ ಕಳಿಸ್ತೆ.”

“ಬೇಡ! ಆಗಲ್ಲ ಅಂದ್ರೆ ಇನ್ನೊಬ್ರ ಹತ್ರ ಹೋಗ್ತಾನೆ. ಆಗ್ತದೆ ಅನ್ನಿ.” ನಂಗೆ ಗಟ್ಟಿ ಧೈರ್ಯ ಬಂದಿತ್ತು. ಆರ್ಡರ್ ನಮ್ಮ ಕೈಯಲ್ಲಿದ್ರೆ ಸದಾಶಿವನೂ ನಮ್ಮ ಕೈಯಲ್ಲಿದ್ದಂಗೆ. “ಟೈಪ್ ಮಾಡಿ. ಆಯ್ತು, ಸಂಜೆಗೆ ನಾನೇ ತಂದು ಕೊಡ್ತೀನಿ, ಎಲ್ಲಿಗೆ ತರ್ಲಿ ಅಂತ.”

ಚಿರಂತನಣ್ಣ ಟೈಪ್ ಮಾಡಿ ಕಳ್ಸಿದ್ರು. ಎರಡೂ ಗೆರೆ ತಕ್ಷಣ ನೀಲಿ ಆದ್ವು. ಆ ಕಡೆಯವ್ರು ಕಾಯ್ತಾ ಕೂತಿದ್ದಂಗೆ ಉತ್ತರ ಬಂತು.

‘ನೀವು ಬರೋದು ಬ್ಯಾಡ್ರಿ. ಭೂಮಿಕಾ ನಿಮ್ಮ ಅಂಗಡ್ಯಾಗ ಕುಂತಾಳಲ್ಲ, ಆಕಿ ಕೈಯಾಗ ಕೊಟ್ಟು ಕಳಸ್ರಿ.’